ಶಾಹೀನನ ಎಡಗೊಂಬು

ಅಲ್ ಅಮೇರಾತ್
20 ಜನವರಿ 2025

ಪ್ರೀತಿಯ ಮಾವನವರಿಗೆ,

ನಿಮ್ಮ ಕಿವಿ ಮಂದ, ಫೋನಿನಲ್ಲಿ ನಾನೊಂದು ಹೇಳುವುದು, ನಿಮಗೆ ಇನ್ನೊಂದು ಕೇಳಿಸುವುದು ಬೇಡವೆಂದು ಬರೆಯುತ್ತಿದ್ದೇನೆ. ಕಾಗದದ ಫೋಟೊ ತೆಗೆದು ಮೆಲಿಸ್ಸಾಳ ಮೊಬೈಲಿಗೆ ಕಳಿಸುತ್ತೇನೆ. ನಿಮ್ಮ ಮಗಳು ಅಕ್ಷರ ದೊಡ್ಡದು ಮಾಡಿ ತೋರಿಸಲಿ. ಮನೆಯಲ್ಲಿ ಕೊಂಕಣಿಯಾದರೂ ಬರೆಯಲು ಕೂತರೆ ನನ್ನ ಕೈ ಶಾಲೆಯ ಕನ್ನಡಕ್ಕೇ ಓಡುತ್ತದೆ, ಬೈಯಬೇಡಿ.

ನಾವು ಮೂವರೂ ಸೌಖ್ಯ. ನಿಮ್ಮ ಮೊಮ್ಮಗಳು ಹೇಝಲಳಿಗೆ ಪರೀಕ್ಷೆ ಹತ್ತಿರ ಬಂದಿದೆ. ಇವರಿಗೆ ಕೆಲಸ ಹೆಚ್ಚು. ಅದಕ್ಕೇ ಈ ಭಾನುವಾರ ಹೋರಿಯ ವಿಡಿಯೊ ಬರಲಿಲ್ಲ.

ಒಂದು ಕೆಟ್ಟ ಸುದ್ದಿ ಇದೆ. ಇವರ ಕಂಪೆನಿಯ ಅರಬ್ ಯಜಮಾನರು, ಬರ್ಕಾದಲ್ಲಿ ಪಶು ಆಹಾರದ ವ್ಯಾಪಾರ ಮಾಡುತ್ತಿದ್ದ ಹಮೂದ್, ಕಳೆದ ಗುರುವಾರ ಸಂಜೆ ತೀರಿಕೊಂಡರು. ಅವರದೇ ಹೋರಿ ಶಾಹೀನನ ಕೊಟ್ಟಿಗೆಯಲ್ಲಿ, ಅದರ ಕಾಲ ಬುಡದಲ್ಲೇ ಬಿದ್ದಿದ್ದರು. ತಲೆಗೆ ಪೆಟ್ಟಾಗಿತ್ತು. ಹೋರಿಯ ಎಡಗೊಂಬಿನಲ್ಲಿ ರಕ್ತ ಇತ್ತು. ಮರುದಿನ ಶುಕ್ರವಾರ ಶಾಹೀನನಿಗೆ ಕಣದಲ್ಲಿ ಕಾಳಗ ಇತ್ತು. ಸ್ಪರ್ಧೆ ರದ್ದಾಯಿತು. ಮಗನನ್ನು ತಿಂದ ಪ್ರಾಣಿಯನ್ನು ಕಡಿಯಿರಿ ಎಂದು ಹಮೂದರ ತಾಯಿ ಹಟ ಹಿಡಿದಿದ್ದಾರೆ. ವಿಚಾರಣೆ ಮುಗಿಯುವ ತನಕ ಮುಟ್ಟಬಾರದು ಎಂದು ಪೊಲೀಸರು ಹೇಳಿದ್ದಾರೆ.

ಶಾಹೀನನನ್ನು ನೋಡಿಕೊಳ್ಳುತ್ತಿದ್ದವರು ಇವರೇ ಎಂದು ನಿಮಗೆ ಗೊತ್ತು. ಅಂಗಡಿಯ ಕೆಲಸದ ನಡುವೆ ಕೊಟ್ಟಿಗೆಗೆ ಹೋಗದೆ ಇವರು ಮನೆಗೆ ಬಂದ ದಿನವಿಲ್ಲ.

ಮಾವ, ನೀವು ಐವತ್ತು ವರ್ಷ ಕಂಬಳದ ಕೋಣ ಸಾಕಿದವರು. ಸಾಕಿದವನನ್ನೇ ಹೋರಿ ತಿವಿದು ಕೊಲ್ಲುವುದುಂಟು, ಕೊಂಬಿನ ಪೆಟ್ಟು ಕೆಲವು ಸಲ ಕಬ್ಬಿಣದ ಪೆಟ್ಟಿನ ಹಾಗೆಯೇ ಕಾಣುತ್ತದೆ ಎಂದು ನಿಮ್ಮ ಅನುಭವದಿಂದ ನಾಲ್ಕು ಸಾಲು ಬರೆದುಕೊಡಿ, ಇಲ್ಲಿ ತೋರಿಸಲು ಬೇಕಿತ್ತು. ಆದಷ್ಟು ಬೇಗ ಬರೆಯಿರಿ.

ನಿಮ್ಮ ಸೊಸೆ
ಡೊರೊತಿ


ಬೆಳುವಾಯಿ
22 ಜನವರಿ 2025

ಡೊರೊತಿ ಬಾಯ್,

ನಿನ್ನ ಕಾಗದ ಮೆಲಿಸ್ಸಾ ಎರಡು ಬೆರಳಿನಲ್ಲಿ ಹಿಗ್ಗಿಸಿ ತೋರಿಸಿದಳು. ಅಕ್ಷರ ದುಂಡಗಿದೆ. ವಿಷಯ ಮಾತ್ರ ನೆಟ್ಟಗಿಲ್ಲ.

ಹಮೂದರ ಆತ್ಮಕ್ಕೆ ಶಾಂತಿ ಸಿಗಲಿ. ಒಳ್ಳೆಯ ಮನುಷ್ಯ ಎಂದು ಮಗ ಮ್ಯಾಕ್ಸಿ ಹೇಳುತ್ತಿದ್ದ. ಆದರೆ ನೀನು ಕೇಳಿದ ನಾಲ್ಕು ಸಾಲು ನಾನು ಬರೆಯುವುದಿಲ್ಲ. ಬಾಯಿ ಬಾರದ ಪ್ರಾಣಿಯ ಮೇಲೆ ಸುಳ್ಳು ಸಾಕ್ಷಿ ಹೇಳಿ ಈ ವಯಸ್ಸಿನಲ್ಲಿ ನಾನು ಯಾವ ಮುಖ ಹೊತ್ತುಕೊಂಡು ಪಾಪನಿವೇದನೆಗೆ ಹೋಗಲಿ?

ಹೋರಿ ಕೊಲ್ಲುವುದಿಲ್ಲ ಎಂದು ನಾನು ಹೇಳುತ್ತಿಲ್ಲ. ಕೊಲ್ಲುತ್ತದೆ. ಕೊಂದರೆ ಗೊತ್ತಾಗುತ್ತದೆ. ಸಿಟ್ಟು ಬಂದ ಹೋರಿ ಮೊದಲು ಕಾಲಿನಿಂದ ಮಣ್ಣು ಎಬ್ಬಿಸುತ್ತದೆ. ತಿವಿದ ಮೇಲೆ ಅಲ್ಲಿಗೇ ಬಿಡುವುದಿಲ್ಲ, ಬಿದ್ದವನನ್ನು ನೆಲಕ್ಕೆ ಒತ್ತುತ್ತದೆ, ಕೊಂಬನ್ನು ಮಣ್ಣಿಗೆ ಉಜ್ಜುತ್ತದೆ. ತಲೆಗೆ ಒಂದೇ ಒಂದು ಪೆಟ್ಟು ಕೊಟ್ಟು ಮರ್ಯಾದಸ್ತನ ಹಾಗೆ ಪಕ್ಕಕ್ಕೆ ಸರಿದು ನಿಲ್ಲುವುದಿಲ್ಲ. ಮತ್ತೆ ನಿಮ್ಮಲ್ಲಿಯ ಕಾಳಗ ಎಂಥದ್ದೆಂದು ನಾನು ವಿಡಿಯೊದಲ್ಲಿ ನೋಡಿದ್ದೇನೆ. ಎರಡು ಹೋರಿಗಳು ಹಣೆಗೆ ಹಣೆ ಕೊಟ್ಟು ತಳ್ಳುವುದು, ಬೆನ್ನು ತಿರುಗಿಸಿದ್ದು ಸೋತಿತು, ಹಗ್ಗ ಹಿಡಿದವರು ಎಳೆದು ಬಿಡಿಸಿದರು, ಮುಗಿಯಿತು. ರಕ್ತದ ಆಟವಲ್ಲ. ಆ ಹೋರಿಗೆ ತಳ್ಳಲು ಕಲಿಸಿದ್ದಾರೆ, ತಿವಿಯಲು ಕಲಿಸಿಲ್ಲ.

ಕೊಂಬಿನ ರಕ್ತದಲ್ಲಿ ಮಣ್ಣು ಅಂಟಿತ್ತೋ ಇಲ್ಲವೋ? ಫೋಟೊ ಇದ್ದರೆ ಕಳಿಸು.

ಮ್ಯಾಕ್ಸಿ ಯಾಕೆ ಬರೆದಿಲ್ಲ? ಅವನ ಕೈಗೇನು ಧಾಡಿ? ಕ್ರಿಸ್‌ಮಸ್ ಹೊತ್ತಿಗೆ ನಾನು ಆಡಿದ ಮಾತಿಗೆ ಇನ್ನೂ ಮುಖ ಊದಿಸಿಕೊಂಡಿದ್ದರೆ ಊದಿಸಿಕೊಂಡೇ ಇರಲಿ. ಅಪ್ಪ ಆಡಿದ ಮಾತನ್ನು ಇಷ್ಟು ದಿನ ನೆನಪಿಟ್ಟುಕೊಳ್ಳುವವ ಅಪ್ಪ ಕಲಿಸಿದ ಕೆಲಸವನ್ನೂ ನೆನಪಿಟ್ಟುಕೊಳ್ಳಬೇಕಿತ್ತು. ಶಾಹೀನನ ಕೊಂಬಿಗೆ ಎಣ್ಣೆ ಹಚ್ಚುವುದನ್ನು ಬಿಟ್ಟಿಲ್ಲ ತಾನೇ?

ಬೊನಿಫಾಸ್


ಅಲ್ ಅಮೇರಾತ್
25 ಜನವರಿ 2025

ಮಾವನವರಿಗೆ,

ನೀವು ಸುಳ್ಳು ಬರೆಯುವುದಿಲ್ಲ ಎಂದಿರಿ. ಸರಿ. ಬರೆಯಬೇಡಿ.

ಎರಡು ಫೋಟೊ ಕಳಿಸಿದ್ದೇನೆ. ಮೊದಲನೆಯದು ಆ ಗುರುವಾರ ಸಂಜೆಯದು. ಸೂರ್ಯ ಮುಳುಗಿ ಮಗ್ರಿಬ್ ಬಾಂಗ್ ಆಗುವ ಹೊತ್ತಿಗೆ ಹೆಣ ನೋಡಿದ ಕಾವಲಿನವನು ಪೊಲೀಸರು ಬರುವ ಮೊದಲೇ ತೆಗೆದದ್ದು. ಎರಡನೆಯದು ನಿನ್ನೆ ನಾನೇ ಬರ್ಕಾಕ್ಕೆ ಹೋಗಿ ಬೇಲಿಯ ಹೊರಗಿನಿಂದ ತೆಗೆದದ್ದು.

ಎಣ್ಣೆ ಹಚ್ಚುವುದನ್ನು ಇವರು ಬಿಟ್ಟಿರಲಿಲ್ಲ. ನೀವು ಕೋಣಗಳಿಗೆ ಕಾಸುತ್ತಿದ್ದ ಎಣ್ಣೆಯೇ. ತೆಂಗಿನೆಣ್ಣೆಗೆ ಅರಿಶಿನ, ಬೇವಿನ ಸೊಪ್ಪು ಹಾಕಿ ನಮ್ಮ ಅಡುಗೆಮನೆಯಲ್ಲಿ ಕುದಿಸಿ ಮನೆಯೆಲ್ಲ ನಾರಿಸುತ್ತಿದ್ದರು. ಹೇಝಲ್ ಮೂಗು ಹಿಡಿದುಕೊಂಡು "ಪಪ್ಪಾ, ನಾಟ್ ಅಗೇನ್" ಎನ್ನುತ್ತಿದ್ದಳು. ಆ ಗುರುವಾರವೂ ಮೂರು ಗಂಟೆಗೆ ಹಚ್ಚಿಯೇ ಅಂಗಡಿಗೆ ಮರಳಿದ್ದಂತೆ. ಇಲ್ಲಿ ಬೇರೆ ಯಾರೂ ಹೋರಿಯ ಕೊಂಬಿಗೆ ಎಣ್ಣೆ ಹಚ್ಚುವುದಿಲ್ಲ. ಖರ್ಜೂರ, ಒಣಮೀನು, ತುಪ್ಪ ತಿನ್ನಿಸುತ್ತಾರೆ, ಕೊಂಬಿನ ಗೊಡವೆಗೆ ಹೋಗುವುದಿಲ್ಲ. ಹೋರಿಗೆ ಮದುವೆ ಮಾಡಿಸುತ್ತೀಯಾ ಎಂದು ಹಮೂದ್ ಕೂಡ ನಗುತ್ತಿದ್ದರಂತೆ.

ಇವರು ನಿಮ್ಮ ಮೇಲೆ ಮುನಿಸಿಕೊಂಡಿಲ್ಲ. ಕೆಲಸ ಹೆಚ್ಚು, ಅಷ್ಟೆ.

ಡೊರೊತಿ


ಬೆಳುವಾಯಿ
26 ಜನವರಿ 2025

ಡೊರೊತಿ ಬಾಯ್,

ಪೂಜೆ ಮುಗಿಸಿ ಬಂದು ಬೆಳಗ್ಗಿನಿಂದ ಮೊದಲನೆಯ ಫೋಟೊವನ್ನೇ ನೋಡುತ್ತಿದ್ದೇನೆ. ಮಧ್ಯಾಹ್ನದ ಅನ್ನ ಆರಿಹೋಯಿತೆಂದು ಮೆಲಿಸ್ಸಾ ಗೊಣಗುತ್ತಿದ್ದಾಳೆ.

ಶಾಹೀನ ಕೊಂದಿಲ್ಲ. ಯಾರೋ ಕೊಂದು ಅವನ ತಲೆಗೆ ಕಟ್ಟಿದ್ದಾರೆ.

ಬಲಗೊಂಬು ನೋಡು. ಎಣ್ಣೆಯಿಂದ ಹಳದಿಯಾಗಿ ಹೊಳೆಯುತ್ತಿದೆ. ಎಡಗೊಂಬು ನೋಡು. ಬುಡದ ತನಕ ಬೂದಿಬಣ್ಣ, ಹೊಳಪೇ ಇಲ್ಲ. ಅದರ ಮೇಲೆ ರಕ್ತ. ಮೂರು ಗಂಟೆಗೆ ಎರಡೂ ಕೊಂಬಿಗೆ ಎಣ್ಣೆ ಬಿದ್ದಿದೆ ಎಂದರೆ ಸಂಜೆಗೆ ಒಂದು ಮಾತ್ರ ಒಣಗುವುದು ಹೇಗೆ? ಎಣ್ಣೆ ಮಿಂದ ಕೊಂಬಿಗೆ ರಕ್ತ ಹಿಡಿಯುವುದಿಲ್ಲ, ಹನಿಹನಿಯಾಗಿ ಜಾರಿ ಬೀಳುತ್ತದೆ. ಬಳಿಯಲು ಬಂದವನು ಅದನ್ನು ನೋಡಿ ಕೊಂಬನ್ನು ಗಟ್ಟಿಯಾಗಿ ಒರೆಸಿದ್ದಾನೆ, ಆಮೇಲೆ ಬಳಿದಿದ್ದಾನೆ. ಮಣ್ಣಿನ ಒಂದು ಕಣ ಇಲ್ಲ. ಇದು ಹೋರಿಯ ಕೆಲಸವಲ್ಲ, ಮನುಷ್ಯನದು. ಅದೂ ಗಡಿಬಿಡಿಯ ಮನುಷ್ಯನದು.

ಇದನ್ನು ಪೊಲೀಸರಿಗೆ ತೋರಿಸು. ಶಾಹೀನನ ಪ್ರಾಣ ಉಳಿಯುತ್ತದೆ.

ಎರಡನೆಯ ಫೋಟೊ ಬಗ್ಗೆ ಸದ್ಯ ಏನೂ ಬರೆಯುವುದಿಲ್ಲ.

ಬೊನಿಫಾಸ್


ಅಲ್ ಅಮೇರಾತ್
9 ಫೆಬ್ರವರಿ 2025

ಮಾವ,

ಎರಡು ವಾರ ನಿಮಗೆ ಒಂದಕ್ಷರ ಬರೆಯಲಿಲ್ಲ. ಸಿಟ್ಟು ಬಂದಿತ್ತು. ಈಗಲೂ ಇದೆ. ಆದರೆ ಹೇಳಲು ಬೇರೆ ಯಾರೂ ಇಲ್ಲ.

ನಿಮ್ಮ ಮಗ ಜೈಲಿನಲ್ಲಿದ್ದಾರೆ. ಜನವರಿ ಹದಿನೆಂಟರಿಂದ. ಹಮೂದರನ್ನು ಕೊಂದ ಆರೋಪ.

ಹಮೂದರ ತಲೆಯ ಗಾಯ ಹೋರಿ ಕಟ್ಟುವ ಕಬ್ಬಿಣದ ಗೂಟದ್ದು ಎಂದು ಡಾಕ್ಟರು ಎರಡನೇ ದಿನವೇ ಬರೆದುಕೊಟ್ಟಿದ್ದರು. ಆ ಗೂಟದ ಮೇಲೆ ಇವರ ಬೆರಳಚ್ಚು ಇತ್ತು. ದಿನಾ ಹೋರಿಯನ್ನು ಕಟ್ಟುವವರ ಬೆರಳಚ್ಚು ಇಲ್ಲದೆ ಇನ್ಯಾರದಿರುತ್ತದೆ? ಬುಧವಾರ ಅಂಗಡಿಯಲ್ಲಿ ಇಬ್ಬರಿಗೂ ಜೋರು ಮಾತಾಗಿತ್ತು. ಶಾಹೀನನ ಮುಂಗಾಲು ಊದಿದೆ, ಶುಕ್ರವಾರ ಕಣಕ್ಕೆ ಇಳಿಸಬೇಡಿ ಎಂದು ಇವರು, ಇಳಿಸಿಯೇ ಸಿದ್ಧ ಎಂದು ಹಮೂದ್. ಗಿರಾಕಿಗಳೆಲ್ಲ ಕೇಳಿಸಿಕೊಂಡಿದ್ದರು. ಇಷ್ಟು ಸಾಕಾಯಿತು.

ಅದಕ್ಕೇ ನಾನು ಹೋರಿಯೇ ಕೊಂದಿತೆಂದು ಬರೆದುಕೊಡಿ ಎಂದು ನಿಮ್ಮನ್ನು ಬೇಡಿದ್ದು. ಡಾಕ್ಟರ ಮಾತಿಗೆ ಎದುರಾಗಿ ಹಿಡಿಯಲು ಒಂದು ಕಡ್ಡಿಯಾದರೂ ಸಿಗಲಿ ಎಂಬ ಆಸೆ. ನೀವು ಆ ಕಡ್ಡಿಯನ್ನೂ ಮುರಿದಿರಿ. ಆದರೂ ನಿಮ್ಮ ಕೊಂಬಿನ ಮಾತು ನಿಜವೆನಿಸಿ ಪೊಲೀಸ್ ಅಧಿಕಾರಿಯ ಹತ್ತಿರ ಹೋದೆ. ಅವರು ಬಲೂಚಿ ಮೂಲದವರು, ಹಿಂದಿ ಚೆನ್ನಾಗಿ ಬರುತ್ತದೆ. ಮರ್ಯಾದೆಯಿಂದ ಕೂರಿಸಿ ಎಲ್ಲ ಕೇಳಿದರು, ಫೋಟೊವನ್ನು ಎರಡೆರಡು ಸಲ ನೋಡಿದರು. ಕೊನೆಗೆ ಹೇಳಿದರು, "ಬೆಹನ್, ನಿಮ್ಮ ಮಾವ ಬುದ್ಧಿವಂತರು. ಕೊಂಬು ಒರೆಸಿದ್ದು ನಿಜ. ಆದರೆ ಶಾಹೀನ್ ತನ್ನ ಕೊಂಬು ಮುಟ್ಟಲು ಯಾರಿಗೆ ಬಿಡುತ್ತದೆ? ಬರ್ಕಾದಲ್ಲಿ ಯಾರನ್ನು ಕೇಳಿದರೂ ಒಂದೇ ಹೆಸರು ಹೇಳುತ್ತಾರೆ."

ಆ ಹೆಸರು ಯಾವುದೆಂದು ನಾನು ಬರೆಯಬೇಕಾಗಿಲ್ಲ. ಇವರನ್ನು ಬಿಡಿಸಲು ಹೋಗಿ ಇನ್ನೊಂದು ಬೀಗ ಹಾಕಿಸಿ ಬಂದೆ. ಈ ದೇಶದಲ್ಲಿ ಕೊಲೆಗೆ ಏನು ಶಿಕ್ಷೆ ಎಂದು ನಿಮಗೆ ಗೊತ್ತಿರಬಹುದು.

ಹೇಝಲಳಿಗೆ ಪಪ್ಪಾ ದೂರದ ಸೂರ್‌ಗೆ ಕಂಪೆನಿ ಕೆಲಸಕ್ಕೆ ಹೋಗಿದ್ದಾರೆ ಎಂದಿದ್ದೇನೆ. ಅವಳು ನಂಬಿದ ಹಾಗೆ ಮಾಡುತ್ತಿದ್ದಾಳೆ.

ಡೊರೊತಿ


ಬೆಳುವಾಯಿ
10 ಫೆಬ್ರವರಿ 2025

ನನ್ನ ಡೊರೊತಿ ಬಾಯ್,

ನನಗೆ ಗೊತ್ತಿತ್ತು.

ಎರಡನೆಯ ಫೋಟೊದಿಂದ ಗೊತ್ತಾಯಿತು. ಶಾಹೀನ ಎರಡೂ ಕೊಂಬು ಒಣಗಿಸಿಕೊಂಡು, ಮೈಯೆಲ್ಲ ಧೂಳು ಮಾಡಿಕೊಂಡು ನಿಂತಿದ್ದ. ಮ್ಯಾಕ್ಸಿ ಆ ಊರಿನಲ್ಲಿ ಕಾಲಾಡಿಕೊಂಡು ಇದ್ದಿದ್ದರೆ ಹಾಗಾಗಲು ಬಿಡುತ್ತಿರಲಿಲ್ಲ. ಒಂದೋ ಹಾಸಿಗೆ ಹಿಡಿದಿದ್ದಾನೆ, ಇಲ್ಲವೇ ಹಿಡಿದುಕೊಂಡು ಹೋಗಿದ್ದಾರೆ ಎಂದು ಆವತ್ತೇ ಅಂದುಕೊಂಡೆ. ನೀನಾಗಿ ಹೇಳುವ ತನಕ ಕೇಳಬಾರದು ಎಂದು ಸುಮ್ಮನಿದ್ದೆ. ಅದು ನನ್ನ ತಪ್ಪು. ನೀನು ಅಲ್ಲಿ ಒಬ್ಬಳೇ ಒದ್ದಾಡುತ್ತಿರುವಾಗ ಇಲ್ಲಿ ನಾನು ದೊಡ್ಡಸ್ತಿಕೆ ಮಾಡಿದೆ.

ಇನ್ನೊಂದನ್ನೂ ಹೇಳಿಬಿಡುತ್ತೇನೆ. ಕ್ರಿಸ್‌ಮಸ್ ಹೊತ್ತಿಗೆ ನನ್ನ ಕೋಣಗಳನ್ನು ಮಾರಿದೆ. ಮೊಣಕಾಲು ಹೋಗಿದೆ, ಕೆಸರಿಗೆ ಇಳಿಯಲು ಆಗುವುದಿಲ್ಲ. ಮಾರಿದ ಸಂಕಟವನ್ನು ಮ್ಯಾಕ್ಸಿಯ ಮೇಲೆ ತೀರಿಸಿಕೊಂಡೆ. ಮನೆಯ ಕೋಣ ಬಿಟ್ಟು ಹೋದವ ಕಂಡವರ ಹೋರಿಯ ಚಾಕರಿ ಮಾಡುತ್ತಿದ್ದಾನೆ ಎಂದು ಬರೆದೆ. ಅವನು ಪ್ರತಿ ಭಾನುವಾರ ಕಳಿಸುತ್ತಿದ್ದ ಶಾಹೀನನ ವಿಡಿಯೊವನ್ನು ಮೆಲಿಸ್ಸಾಳಿಂದ ನಾಲ್ಕು ನಾಲ್ಕು ಸಲ ಹಾಕಿಸಿ ನೋಡುತ್ತಿದ್ದೆ ಎಂದು ಮಾತ್ರ ಬರೆಯಲಿಲ್ಲ. ನನ್ನ ಮಗ ಕೊಲೆ ಮಾಡುವವನಲ್ಲ. ಮಾಡಿದ್ದರೂ ಒಂದು ಕೊಂಬಿಗೆ ಎಣ್ಣೆ ಹಚ್ಚದೆ ಬಿಡುವವನಂತೂ ಅಲ್ಲ.

ಈಗ ಅಳು ಸಾಕು. ಕೇಳು.

ಶಾಹೀನ ಮ್ಯಾಕ್ಸಿಗೆ ಮಾತ್ರ ಕೊಂಬು ಮುಟ್ಟಲು ಬಿಡುತ್ತಾನೆ ಎಂದು ಹೇಳಿದವರು ನೋಡುವವರು, ಸಾಕುವವರಲ್ಲ. ಎಂಥ ಪುಂಡ ಹೋರಿಯಾದರೂ ಬಾಯಿ ತುಂಬ ಖರ್ಜೂರ ಹಾಕಿ, ಹಗ್ಗ ಗಿಡ್ಡ ಮಾಡಿ ಕಂಬಕ್ಕೆ ಕಟ್ಟಿದರೆ ಎರಡು ನಿಮಿಷ ನಿಲ್ಲುತ್ತದೆ. ಹೇಗೆ ನಿಲ್ಲಿಸಬೇಕೆಂದು ಗೊತ್ತಿರಬೇಕು, ಅಷ್ಟೆ. ಹಾಗಾದರೆ ಕೊಂದವನು ಹೋರಿ ಸಾಕಿದವನು. ಆದರೆ ನಮ್ಮ ಎಣ್ಣೆಯ ಗುಣ ಗೊತ್ತಿಲ್ಲದವನು.

ಆ ಎಣ್ಣೆಯಲ್ಲಿ ಅರಿಶಿನ ಇದೆ ಬಾಯ್. ಅವನು ಕೊಂಬನ್ನು ಬುಡದ ತನಕ ಉಜ್ಜಿ ಒರೆಸಿದ್ದಾನೆ. ಕೈಯ ಅರಿಶಿನ ನಾಲ್ಕು ದಿನಕ್ಕೆ ಹೋಗುತ್ತದೆ. ಬಟ್ಟೆಯದು ಹೋಗುವುದಿಲ್ಲ. ನಿಮ್ಮಲ್ಲಿ ಗಂಡಸರೆಲ್ಲ ಕಾಲಿನ ತನಕ ಬಿಳಿ ಅಂಗಿ ಹಾಕುತ್ತಾರೆ, ತೋಳು ಮಣಿಕಟ್ಟಿನ ತನಕ ಇರುತ್ತದೆ. ಬಿಳಿ ತೋಳಿಗೆ ಎಣ್ಣೆ ಅರಿಶಿನ ಹತ್ತಿದರೆ ಏನಾಗುತ್ತದೆಂದು ನಿನಗೆ ಹೇಳಿಕೊಡಬೇಕೇ?

ಆ ಗಂಡಸರು ತಮ್ಮ ಬಟ್ಟೆ ತಾವೇ ಒಗೆಯುತ್ತಾರೋ? ಇಲ್ಲವಾದರೆ ಯಾರು ಒಗೆಯುತ್ತಾರೆ ಎಂದು ಹುಡುಕು.

ಬೊನಿಫಾಸ್


ಅಲ್ ಅಮೇರಾತ್
23 ಫೆಬ್ರವರಿ 2025

ಪ್ರೀತಿಯ ಮಾವ,

ಸಿಕ್ಕಿತು.

ಮೊದಲಿನಿಂದ ಹೇಳುತ್ತೇನೆ. ನಿಮ್ಮ ಕಾಗದ ಬಂದ ಮರುದಿನವೇ ಕ್ಲಿನಿಕ್‌ಗೆ ರಜೆ ಹಾಕಿ, ಇವರ ಪಿಕಪ್ ತೆಗೆದುಕೊಂಡು ಬರ್ಕಾಕ್ಕೆ ಹೊರಟೆ. ರಿಸೆಪ್ಷನ್ನಿನಲ್ಲಿ ಕೂತು ಎಂಥ ರೋಗಿಯನ್ನಾದರೂ ಮಾತಾಡಿಸಿ ಅಭ್ಯಾಸವಿದೆ, ಅದು ಕೆಲಸಕ್ಕೆ ಬಂತು. ಇಲ್ಲಿ ಪ್ರತಿ ಬೀದಿಗೆ ಒಂದು ಲಾಂಡ್ರಿ. ದಿಶ್‌ದಾಶಾ, ಅಂದರೆ ಆ ಬಿಳಿ ಅಂಗಿಯನ್ನು ಗಂಡಸರು ಅಲ್ಲೇ ಕೊಟ್ಟು, ಗರಿಗರಿ ಇಸ್ತ್ರಿ ಮಾಡಿಸಿ ತೊಡುತ್ತಾರೆ. ಮೊದಲ ಮೂರು ಲಾಂಡ್ರಿಗಳಲ್ಲಿ ನನ್ನನ್ನು ಹುಚ್ಚಿಯ ಹಾಗೆ ನೋಡಿದರು. ನಡುವೆ ರಜೆ ಸಿಗದೆ ಮುಂದಿನ ವಾರ ಮತ್ತೆ ಹೋದೆ. ಆರನೆಯದು ಉಳ್ಳಾಲದ ಐಶಮ್ಮ ಮತ್ತು ಅವರ ಗಂಡನದು. ನಾನು ಹಿಂದಿಯಲ್ಲಿ ಶುರು ಮಾಡಿದ್ದೆ. ಅವರು ನನ್ನ ಕುತ್ತಿಗೆಯ ಶಿಲುಬೆ ನೋಡಿ, "ನೀವು ಮಂಗ್ಳೂರಿನವ್ರಲ್ವಾ?" ಎಂದರು. ಆಮೇಲೆ ಸ್ಟೂಲು ಬಂತು, ಚಹಾ ಬಂತು.

ಅರಿಶಿನದ ಕಲೆ ಎಂದ ಕೂಡಲೇ ಅವರು ಇಸ್ತ್ರಿಪೆಟ್ಟಿಗೆ ಕೆಳಗಿಟ್ಟರು. ಅವರು ಹೇಳಿದ್ದನ್ನು ಹಾಗೆಯೇ ಬರೆಯುತ್ತೇನೆ.

"ಹೌದು ಮಾರಾಯ್ತಿ, ಒಂದು ಬಂದಿತ್ತು. ಆ ಹೋರಿಯವ್ರು ಸತ್ರಲ್ಲ, ಅದರ ಮರುದಿವ್ಸ. ಬಲದ ತೋಳಿಗೆ ಇಷ್ಟುದ್ದ ಎಣ್ಣೆ, ಅರಿಶಿನ. ಇವರು ಸೋಡ ಹಾಕಿ ಉಜ್ಜಿದ್ರು. ಅರಿಶಿನಕ್ಕೆ ಸೋಡ ಬಿದ್ರೆ ಕೆಂಪಾಗ್ತದಲ್ಲ, ನಮಗೆಲ್ಲ ಗೊತ್ತುಂಟು, ಬಿಸಿಲಿಗೆ ಹಾಕಿದ್ರೆ ಹೋಗ್ತದೆ. ಅಷ್ಟರಲ್ಲಿ ಅವ ಬಂದ. ತೋಳು ಕೆಂಪಾದದ್ದು ನೋಡಿದ್ದೇ ತಡ, ಮುಖ ಹೀಗೆ ಸುಣ್ಣ ಆಯ್ತು. ಖಲಾಸ್, ಖಲಾಸ್, ಅದನ್ನು ಸುಟ್ಟುಹಾಕಿ ಅಂತ ಹೇಳಿ ಓಡಿದ. ಬಾಕಿ ಬಟ್ಟೆ ಸಹ ಕೊಂಡುಹೋಗ್ಲಿಲ್ಲ. ಎಂಥದಪ್ಪ ಇವಂದು, ಹೊಸ ಅಂಗಿ, ಯಾಕೆ ಸುಡುದು ಅಂತ ನಾನು ತೆಗ್ದಿಟ್ಟೆ."

ಮಾವ, ಅರಿಶಿನ ಸೋಡಕ್ಕೆ ಕೆಂಪಾಗುತ್ತದೆ ಎಂಬುದು ಜನ್ಮದಲ್ಲಿ ಒಂದು ಕರವಸ್ತ್ರ ಒಗೆಯದ ಆ ಮನುಷ್ಯನಿಗೆ ಗೊತ್ತಿರಲಿಲ್ಲ. ಒಗೆದ ರಕ್ತವೇ ಮೇಲೆದ್ದು ಬಂತೆಂದುಕೊಂಡ. ಅರಿಶಿನ ಎಂದು ನಕ್ಕು ತೆಗೆದುಕೊಂಡು ಹೋಗಿದ್ದರೆ ಯಾರಿಗೂ ನೆನಪಿರುತ್ತಿರಲಿಲ್ಲ.

ಅಂಗಿಯ ಕುತ್ತಿಗೆಪಟ್ಟಿಯ ಒಳಗೆ ಲಾಂಡ್ರಿಯ ಶಾಯಿಯಲ್ಲಿ ಗಿರಾಕಿಯ ಗುರುತು ಹಾಕಿರುತ್ತಾರೆ. ಐಶಮ್ಮನ ಗಂಡ ಅದನ್ನು ನೋಡಿ ಹೆಸರು ಹೇಳಿದರು. ಖಾಲಿದ್. ಹೋರಿ ಸಾಕುವವನು. ಅವನ ಹೋರಿ ಈ ಸೀಸನ್ನಿನಲ್ಲಿ ಎರಡು ಸಲ ಶಾಹೀನನಿಗೆ ಬೆನ್ನು ತೋರಿಸಿತ್ತು. ಆ ಶುಕ್ರವಾರ ಮೂರನೆಯ ಸಲ ಎದುರಾಗಬೇಕಿತ್ತು. ಹಮೂದರ ಹೆಣವನ್ನು ಹೊತ್ತವರಲ್ಲಿ ಅವನೂ ಇದ್ದನಂತೆ.

ಅಂಗಿಯನ್ನು ನಾನು ಮುಟ್ಟಲಿಲ್ಲ. ಐಶಮ್ಮನೂ ಅವರ ಗಂಡನೂ ಅಂಗಡಿ ಮುಚ್ಚಿ ನನ್ನ ಜೊತೆಗೇ ಬಂದು ಅಧಿಕಾರಿಯ ಕೈಗೆ ಕೊಟ್ಟರು. ನಾವು ಹೊರದೇಶದವರು, ಸಾಕ್ಷಿ ಗೀಕ್ಷಿ ಯಾಕೆ ಎಂದು ಅವರು ಹೇಳಬಹುದಿತ್ತು. ಹೇಳಲಿಲ್ಲ. ಅಧಿಕಾರಿ ತೋಳಿನ ಹೊಲಿಗೆಯನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. "ಬೆಹನ್, ಲ್ಯಾಬಿಗೆ ಕಳಿಸುತ್ತೇನೆ. ನಿಮ್ಮ ಮಾವನಿಗೆ ನನ್ನ ಸಲಾಂ ತಿಳಿಸಿ" ಎಂದರು. ತಿಳಿಸಿದ್ದೇನೆ.

ಇವರನ್ನು ಮೊನ್ನೆ ಹತ್ತು ನಿಮಿಷ ನೋಡಲು ಬಿಟ್ಟರು. ಗಡ್ಡ ಬಿಟ್ಟಿದ್ದಾರೆ, ಇಳಿದಿದ್ದಾರೆ. ನೀವು ವಿಡಿಯೊವನ್ನು ನಾಲ್ಕು ಸಲ ನೋಡುತ್ತಿದ್ದಿರಿ ಎಂದು ಹೇಳಿದೆ. ಉಳಿದ ಸಮಯವೆಲ್ಲ ಅದನ್ನೇ ತಿರುಗಿ ತಿರುಗಿ ಕೇಳಿದರು.

ಡೊರೊತಿ


ಬೆಳುವಾಯಿ
24 ಫೆಬ್ರವರಿ 2025

ಬಾಯ್,

ಐಶಮ್ಮನಿಗೂ ಅವರ ಗಂಡನಿಗೂ ನನ್ನ ನಮಸ್ಕಾರ. ಉಳ್ಳಾಲಕ್ಕೆ ಬಂದಾಗ ಬೆಳುವಾಯಿಗೆ ಬರದೆ ಹೋದರೆ ನಾನು ಮಾತು ಬಿಡುತ್ತೇನೆ ಎಂದು ಹೇಳು.

ನಿನ್ನ ಕಾಗದವನ್ನು ಮೆಲಿಸ್ಸಾಳ ಗಂಡನಿಗೆ ಓದಲು ಕೊಟ್ಟೆ. ಅವನು ಓದಿ, "ಡೊರೊತಿ ಪೊಲೀಸಿಗೆ ಸೇರ್ಬೇಕಿತ್ತು" ಎಂದು ಕಾಗದದಲ್ಲಿ ಬರೆದು ತೋರಿಸಿದ. ನನ್ನ ಸೊಸೆ ಏನಾಗಬೇಕಿತ್ತೋ ಅದಾಗಿದ್ದಾಳೆ ಎಂದೆ.

ಶಾಹೀನನಿಗೆ ಎಣ್ಣೆ ಹಚ್ಚುವವರಿಲ್ಲ. ಕೊಂಬು ಬಿರುಕು ಬಿಟ್ಟರೆ ಕಷ್ಟ. ಬೇಲಿಯ ಹೊರಗಿನಿಂದಲಾದರೂ ಹಚ್ಚಲು ಆಗುತ್ತದೋ ನೋಡು. ಮೊದಲು ಖರ್ಜೂರ ಕೊಡು.

ಬೊನಿಫಾಸ್


ಅಲ್ ಅಮೇರಾತ್
18 ಮಾರ್ಚ್ 2025

ಮಾವ,

ನಿನ್ನೆ ಸಂಜೆ ಆರು ಗಂಟೆಗೆ ಇವರನ್ನು ಬಿಟ್ಟರು.

ತೋಳಿನ ಹೊಲಿಗೆಯ ಸಂದಿಯಲ್ಲಿ ಹಮೂದರ ರಕ್ತ ಸಿಕ್ಕಿತು. ಅದರ ಜೊತೆಗೇ ತೆಂಗಿನೆಣ್ಣೆ, ಅರಿಶಿನ, ಬೇವು. ಲ್ಯಾಬಿನವರು ಇದೇನು ಅಡುಗೆ ಎಂದು ಕೇಳಿದರಂತೆ. ಖಾಲಿದನ ಮುಂದೆ ಅಂಗಿ ಇಟ್ಟ ಕೂಡಲೇ ಅವನು ಎಲ್ಲ ಹೇಳಿಬಿಟ್ಟ. ಶುಕ್ರವಾರ ಅವನ ಮಾವನ ಮನೆಯವರೆಲ್ಲ ಕಾಳಗ ನೋಡಲು ಬರುವವರಿದ್ದರು. ಒಂದು ಸಲ ಶಾಹೀನನನ್ನು ಹಿಂದೆ ತೆಗೆ, ನನ್ನ ಮರ್ಯಾದೆ ಉಳಿಸು ಎಂದು ಕೇಳಲು ಹೋಗಿದ್ದ. ಹಮೂದ್ ನಕ್ಕರು. ಆ ನಗೆಗೆ ಅವನ ಕೈ ಗೂಟಕ್ಕೆ ಹೋಯಿತು. ಬಿಚ್ಚಿದ ತಲೆವಸ್ತ್ರವನ್ನು ಮೊದಲೇ ಕೈಗೆ ಸುತ್ತಿಕೊಂಡಿದ್ದರಿಂದ ಅವನ ಬೆರಳಚ್ಚು ಬೀಳಲಿಲ್ಲ. ಅದೇ ವಸ್ತ್ರದಿಂದ ಕೊಂಬು ಒರೆಸಿ, ಅದನ್ನು ಆವತ್ತೇ ಸುಟ್ಟಿದ್ದ. ತೋಳಿನ ಕಲೆಯನ್ನು ಎಣ್ಣೆಯೆಂದುಕೊಂಡು ಅಂಗಿಯನ್ನು ಲಾಂಡ್ರಿಗೆ ಕೊಟ್ಟಿದ್ದ.

ಇಲ್ಲಿ ರಮದಾನ್ ಉಪವಾಸ, ನಮಗೂ ತಪಸ್ಸು ಕಾಲದ ಉಪವಾಸ. ಜೈಲಿನ ಬಾಗಿಲಲ್ಲಿ ಬಾಂಗ್ ಆಗುವ ತನಕ ನಾವೆಲ್ಲ ಕಾದೆವು. ಅಧಿಕಾರಿಯೇ ಖರ್ಜೂರದ ತಟ್ಟೆ ತಂದು ಇವರ ಮುಂದೆ ಹಿಡಿದು ಕ್ಷಮೆ ಕೇಳಿದರು. ಹೇಝಲ್ ಓಡಿ ಹೋಗಿ ಅಪ್ಪನ ಸೊಂಟ ತಬ್ಬಿಕೊಂಡಳು. "ಸೂರ್ ವಾಸ್ ವೆರಿ ಫಾರ್, ನೋ ಪಪ್ಪಾ?" ಎಂದಳು. ಅವಳಿಗೆ ಮೊದಲೇ ಗೊತ್ತಿತ್ತು, ನಿಮ್ಮ ಹಾಗೆಯೇ.

ನನಗೆ ಕೂತಲ್ಲಿ ನಿಂತಲ್ಲಿ ನಗು ಬರುತ್ತಿದೆ. ಇಷ್ಟು ಸಂತೋಷ ನಾನು ಯಾವತ್ತೂ ಪಟ್ಟಿಲ್ಲ.

ಇವರು ಕಾಗದ ಬರೆಯಲು ಕೂತು ನಾಲ್ಕು ಹಾಳೆ ಹರಿದರು. ಕಣದಿಂದ ಬರೆಯುತ್ತೇನೆ ಎನ್ನುತ್ತಾರೆ.

ಡೊರೊತಿ


ಅಲ್ ಅಮೇರಾತ್
5 ಏಪ್ರಿಲ್ 2025

ಪ್ರೀತಿಯ ಮಾವ,

ನಿಮ್ಮ ಮಗ ಕಣದಿಂದಲೂ ಬರೆಯಲಿಲ್ಲ. ನೀನೇ ಬರೆ ಎಂದು ಪೆನ್ನು ನನ್ನ ಕೈಗೆ ಕೊಟ್ಟರು. ಬರೆಯುತ್ತೇನೆ.

ಈದ್ ಮುಗಿದ ಮೊದಲ ಶುಕ್ರವಾರ ಇಲ್ಲಿ ದೊಡ್ಡ ಕಾಳಗ. ನಿನ್ನೆ ಆಯಿತು. ಒಂದು ವಾರ ಮೊದಲು ಹಮೂದರ ತಾಯಿ ಹೇಳಿ ಕಳಿಸಿದ್ದರು. ನಾನೂ ಇವರೂ ಹೋದೆವು. ತುಂಬ ವಯಸ್ಸಾಗಿದೆ, ಮುಖದಲ್ಲಿ ಮಗನ ಸಾವು ಕಾಣುತ್ತದೆ. ಇವರ ತಲೆಯ ಮೇಲೆ ಕೈ ಇಟ್ಟು, ನನ್ನ ಮಗ ಇಲ್ಲದ ಮನೆಯಲ್ಲಿ ಹೋರಿಯನ್ನೂ ಕಡಿಸಲು ಹೊರಟಿದ್ದೆ, ನೀವು ತಡೆದಿರಿ ಎಂದರು. ಶುಕ್ರವಾರ ಶಾಹೀನನ ಹಗ್ಗ ನೀನೇ ಹಿಡಿಯಬೇಕು ಎಂದರು. ಹಗ್ಗ ಹಿಡಿಯುವವರು ಮನೆಯ ಗಂಡುಮಕ್ಕಳು. ಹೊರದೇಶದವರು ಹಿಡಿದದ್ದನ್ನು ನಾನಂತೂ ನೋಡಿಲ್ಲ.

ಕಣ ತುಂಬಿತ್ತು. ಗಂಡಸರೆಲ್ಲ ಬೇಲಿ ಸುತ್ತ ನೆಲದ ಮೇಲೆ, ನಾವು ಹೆಂಗಸರು ಕಾರುಗಳಲ್ಲಿ. ನನ್ನ ಕಾರಿನಲ್ಲಿ ಹಮೂದರ ತಾಯಿ ಮುಂದೆ, ಐಶಮ್ಮ ಮತ್ತು ಹೇಝಲ್ ಹಿಂದೆ. ಶಾಹೀನನ ಕಾಲಿನ ಊತ ಇಳಿದಿತ್ತು. ಎರಡು ತಿಂಗಳು ಕಟ್ಟಿದಲ್ಲೇ ನಿಂತು ಮೈ ಜಡವಾಗಿರುತ್ತದೆ, ಸೋಲುತ್ತಾನೆ ಎಂದೇ ಎಲ್ಲರೂ ಮಾತಾಡಿಕೊಂಡಿದ್ದರು. ಎದುರಿಗೆ ಬಂದದ್ದು ಸುವೈಕ್ ಕಡೆಯ ಕಪ್ಪು ಹೋರಿ, ಇವನಿಗಿಂತ ಒಂದು ಗೇಣು ಎತ್ತರ. ಹಣೆಗೆ ಹಣೆ ಬಿದ್ದ ಸದ್ದು ಕಾರಿನ ಒಳಗೆ ನಮಗೆ ಕೇಳಿಸಿತು. ಮೊದಲು ಶಾಹೀನನೇ ಹಿಂದೆ ಹಿಂದೆ ಬಂದ. ನಾನು ಕಣ್ಣು ಮುಚ್ಚಿಕೊಂಡೆ. ಐಶಮ್ಮ, "ನೋಡಿ ಮಾರಾಯ್ತಿ, ಈಗ ನೋಡದೆ ಮತ್ತೆ ಯಾವಾಗ ನೋಡುದು" ಎಂದು ನನ್ನ ಭುಜ ಹಿಡಿದು ಅಲ್ಲಾಡಿಸಿದರು.

ಕಣ್ಣು ತೆರೆದಾಗ ಇವರು ಹಗ್ಗ ಸಡಿಲ ಬಿಟ್ಟು ಹೋರಿಯ ಪಕ್ಕದಲ್ಲೇ ಬಗ್ಗಿ ಏನೋ ಹೇಳುತ್ತಿದ್ದರು. ಆಮೇಲೆ ಕೇಳಿದರೆ, ಕಂಬಳದ ಗದ್ದೆಯಲ್ಲಿ ಕೋಣಗಳಿಗೆ ನೀವು ಕೊಡುತ್ತಿದ್ದ ಕೂಗೇ ಅದಂತೆ. ಶಾಹೀನ ಹಿಂಗಾಲು ಮಣ್ಣಿಗೆ ಊರಿ ನಿಂತ. ಸ್ವಲ್ಪ ಹೊತ್ತು ಎರಡೂ ಅಲ್ಲಾಡಲಿಲ್ಲ. ಆಮೇಲೆ ಕಪ್ಪು ಹೋರಿ ಒಂದು ಹೆಜ್ಜೆ ಹಿಂದೆ ಇಟ್ಟಿತು, ಮತ್ತೊಂದು ಇಟ್ಟಿತು, ಕೊನೆಗೆ ತಿರುಗಿ ಬೇಲಿಯ ಕಡೆ ಓಡಿತು. ಜನ ಎದ್ದು ಕುಣಿದರು. ಹಮೂದರ ತಾಯಿ ನನ್ನ ಕೈಗೆ ಮುತ್ತಿಟ್ಟು ಅತ್ತರು, ನಾನೂ ಅತ್ತೆ. ಹೇಝಲ್ ಸೀಟಿನ ಮೇಲೆ ನಿಂತು ಜೀವನದಲ್ಲಿ ಮೊದಲ ಸಲ ಕೊಂಕಣಿಯಲ್ಲಿ ಕೂಗಿದಳು.

ಈಗ ನಾನು ಹೇಳಬೇಕೆಂದು ಕೂತ ವಿಷಯ. ಗೆದ್ದ ಹೋರಿಯ ಹೆಸರು ಮೈಕಿನಲ್ಲಿ ಹೇಳುವಾಗ ಹಗ್ಗ ಹಿಡಿದವನ ಹೆಸರೂ ಹೇಳುತ್ತಾರೆ, ಅವನು ಯಾರ ಮಗ ಎಂಬುದನ್ನೂ ಸೇರಿಸುತ್ತಾರೆ. ಮೈಕಿನವರು ಇವರನ್ನು ಹತ್ತಿರ ಕರೆದು ಕಿವಿಯಲ್ಲಿ ಕೇಳಿದರು. ಇವರು ಹೇಳಿದರು. ಅವರಿಗೆ ನಾಲಿಗೆ ತಿರುಗಲಿಲ್ಲ, ಮತ್ತೆ ಕೇಳಿದರು. ಆಮೇಲೆ ಬರ್ಕಾದ ಅಷ್ಟೂ ಜನರ ಮುಂದೆ, ಸಮುದ್ರದ ತನಕ ಕೇಳಿಸುವ ಹಾಗೆ ಕೂಗಿದರು:

"ಶಾಹೀನ್! ಹಗ್ಗ, ಮ್ಯಾಕ್ಸ್‌ವೆಲ್ ಬಿನ್ ಬೊನಿಫಾಸ್!"

ಎರಡು ಸಲ ಕೂಗಿದರು, ಮಾವ. ಎರಡನೆಯ ಸಲ ಜನರೂ ಸೇರಿಕೊಂಡು ಕೂಗಿದರು.

ನಿಮ್ಮ ಸೊಸೆ
ಡೊರೊತಿ